ಆರೋಗ್ಯ ಪ್ರಶ್ನೋತ್ತರ: ತುಂಬಿದಂತೆಯೇ ಮರಳುವ ಡಬ್ಬಿ

ಪ್ರಶ್ನೆ: ನಾವಿರುವುದು ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಮಗಳಿಗೆ 14 ವರ್ಷ. ಡಾಕ್ಟರು ತೂಕ ಇಳಿಸಲು ಹೇಳಿ ಎರಡು ತಿಂಗಳಾಯಿತು. ಶಾಲೆಯಲ್ಲಿ ‘ಜಾಡಿ’ ಅನ್ನುತ್ತಾರಂತೆ. ಈಗ ಇವಳೇ ‘ನಾನು ಸೋಮಾರಿ, ನನಗೆ ಹೀಗೇ ಆಗಬೇಕು’ ಅನ್ನುತ್ತಾಳೆ. ಊಟದ ಡಬ್ಬಿ ತುಂಬಿದಂತೆಯೇ ಮರಳುತ್ತದೆ. ರಾತ್ರಿ ಚಕ್ಕುಲಿ ಡಬ್ಬ ಖಾಲಿ. ಈ ಸೆಕೆಯಲ್ಲೂ ಜಾಕೆಟ್ ಬಿಚ್ಚುವುದಿಲ್ಲ.

ಉತ್ತರ: ಮರಾಠಿಯಲ್ಲಿ ‘ಜಾಡಿ’ ಎಂದರೆ ದಪ್ಪಗಿರುವವಳು, ನಮ್ಮ ಕಿವಿಗೆ ಉಪ್ಪಿನಕಾಯಿ ಭರಣಿಯೂ ಹೌದು. ಮಗಳಿಗೆ ಒಂದೇ ಮಾತಿನಿಂದ ಎರಡು ಪೆಟ್ಟು. ಕಂಡವರು ಅಂದದ್ದನ್ನು ಅವಳು ನಿಜವೆಂದು ಒಪ್ಪಿಕೊಂಡಿದ್ದಾಳೆ, ತೂಕದ ಚಿಕಿತ್ಸೆ ಹಳಿ ತಪ್ಪುವುದು ಇಲ್ಲೇ. ನಾಚಿಕೆಯಿಂದ ಹಗಲೆಲ್ಲ ಉಪವಾಸ, ಹಸಿವಿಗೆ ರಾತ್ರಿ ಕದ್ದು ತಿನ್ನುವುದು, ತಿಂದದ್ದಕ್ಕೆ ಮತ್ತೆ ನಾಚಿಕೆ. ಚಕ್ಕುಲಿ ಡಬ್ಬಕ್ಕೆ ಬೀಗ ಹಾಕಿದರೆ ಬಚ್ಚಿಡುವ ಜಾಗ ಬದಲಾಗುತ್ತದೆ, ಅಷ್ಟೆ.

ಮೊದಲು ಹಗಲಿನ ಊಟ ಸರಿಪಡಿಸಿ. ಮೂರು ಊಟ, ಎರಡು ಸಣ್ಣ ತಿಂಡಿ. ನಡುವೆ ಮೂರು–ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಮನೆಗೆಲ್ಲ ದೋಸೆ, ಅವಳಿಗೊಬ್ಬಳಿಗೆ ಓಟ್ಸ್ ಎಂಬ ಪಂಕ್ತಿಭೇದ ನಿಲ್ಲಲಿ. ಪಲ್ಯ, ಬೇಳೆ, ಮೊಸರು ಎಲ್ಲರ ತಟ್ಟೆಯಲ್ಲೂ ಹೆಚ್ಚಲಿ. ಜಾಮೂನು ತಿಂದಳೆಂದು ಮೆಟ್ಟಿಲು ಹತ್ತಿಸಬೇಡಿ. ವ್ಯಾಯಾಮ ಶಿಕ್ಷೆಯಾದರೆ ಅದೂ ಬೇಡವಾಗುತ್ತದೆ. ದಿನಕ್ಕೆ ಸರಾಸರಿ 60 ನಿಮಿಷ ಮೈ ಆಡಿಸುವುದನ್ನು ಕಂತಿನಲ್ಲೂ ಮಾಡಬಹುದು: ಸ್ಟೇಷನ್ನಿಗೆ ಬಿರುಸಿನ ನಡಿಗೆ, ಸೊಸೈಟಿ ಅಂಗಳದಲ್ಲಿ ಬ್ಯಾಡ್ಮಿಂಟನ್, ಬಾಗಿಲು ಹಾಕಿಕೊಂಡು ಕುಣಿತ. ಇಂದಿನ ಅಳತೆಗೇ ಎರಡು ಜೊತೆ ಹತ್ತಿ ಬಟ್ಟೆ ಕೊಡಿಸಿ. ‘ಇಳಿದ ಮೇಲೆ ಹಾಕಿಕೊ’ ಎಂದು ಬಿಗಿ ಕುರ್ತಾ ತೂಗುಹಾಕಬೇಡಿ.

‘ಸೋಮಾರಿ’ ಎಂದಾಗ ‘ಹಾಗೇನಿಲ್ಲ ಬಿಡು’ ಎಂದು ಹಾರಿಸಿಬಿಡಬೇಡಿ. ‘ಯಾರು ಹಾಗಂದರು? ಯಾವಾಗ?’ ಕೇಳಿ, ಸುಮ್ಮನೆ ಆಲಿಸಿ. ಅನುವಂಶೀಯತೆ, ಹಾರ್ಮೋನು, ನಿದ್ದೆ, ಕೆಲವು ಔಷಧಗಳು ಎಲ್ಲವೂ ತೂಕವನ್ನು ಎಳೆದಾಡುತ್ತವೆ ಎಂಬುದನ್ನು ಡಾಕ್ಟರ ಬಾಯಿಂದಲೇ ಹೇಳಿಸಿ. ತಾಯಿ ಹೇಳಿದರೆ ಸಮಾಧಾನದ ಮಾತೆನಿಸುತ್ತದೆ. ಮದುವೆಮನೆಯ ‘ದುಂಡಗಾಗಿದ್ದೀಯಲ್ಲೇ!’ಗೆ ಉತ್ತರ ಕೊಡಬೇಕಾದವರು ನೀವು: ‘ನಮ್ಮಲ್ಲಿ ಮೈ ವಿಷಯ ಮಾತಾಡುವುದಿಲ್ಲ.’ ನಿಮ್ಮ ಹೊಟ್ಟೆಯನ್ನೂ ಅವಳೆದುರು ಹಳಿದುಕೊಳ್ಳಬೇಡಿ. ತಕ್ಕಡಿ ಮನೆಯಲ್ಲಿ ಬೇಡ; ಕ್ಲಿನಿಕ್ಕಿನಲ್ಲಿ ಬೇಕಾದರೆ ಅಂಕಿಗೆ ಬೆನ್ನು ಮಾಡಿ ನಿಲ್ಲಲಿ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2015ರ ನಕ್ಷೆಯಲ್ಲಿ ಬೆಳವಣಿಗೆಯ ಗೆರೆ ತೋರಿಸಲು ಕೇಳಿ. ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿ ದೊಡ್ಡದು ಬೇಕೆನ್ನಲು ಸಂಕೋಚ ಬೇಡ. ಸಣ್ಣ ಪಟ್ಟಿಯಲ್ಲಿ ಅಂಕಿ ಸುಳ್ಳೇ ಏರುತ್ತದೆ.

ಕದ್ದು ತಿನ್ನುವುದು ಮುಂದುವರಿದರೆ, ತಿಂದು ವಾಂತಿ ಮಾಡಿದರೆ, ಮುಟ್ಟು ನಿಂತರೆ, ತಲೆಸುತ್ತಿ ಬಿದ್ದರೆ, ತೂಕ ಸರಸರ ಇಳಿದರೆ ತಡಮಾಡದೆ ಮಕ್ಕಳ ವೈದ್ಯರನ್ನೂ ಮನೋವೈದ್ಯರನ್ನೂ ಕಾಣಿ. ತೂಕ ಇನ್ನೂ ಹೆಚ್ಚಿದೆಯೆಂದು ಸುಮ್ಮನಿರಬೇಡಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಹಗಲೂ ರಾತ್ರಿಯೂ ಉಚಿತ.

ಪ್ರಶ್ನೆ: ಪುಣೆಯಿಂದ. 13ರ ಮಗನ ಕತ್ತು ಕಪ್ಪಾಗಿದೆ. ದಿನಾ ತಿಕ್ಕುತ್ತೇವೆ, ಹೋಗದು. ‘ನಾನು ಗಲೀಜು’ ಎಂದು ಅಳುತ್ತಾನೆ.

ಉತ್ತರ: ತಿಕ್ಕುವುದನ್ನು ಇಂದೇ ನಿಲ್ಲಿಸಿ, ಉಜ್ಜಿದಷ್ಟೂ ಚರ್ಮ ಕೆರಳುತ್ತದೆ. ಕತ್ತಿನ, ಕಂಕುಳಿನ ಮಕಮಲ್ಲಿನಂಥ ಕಪ್ಪು ಬಹುಪಾಲು ಅಕಾಂಥೋಸಿಸ್ ನೈಗ್ರಿಕನ್ಸ್. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ನಾಟದಿದ್ದಾಗ ಅದರ ಪ್ರಮಾಣ ಏರಿ ಚರ್ಮ ದಪ್ಪಗಾಗುತ್ತದೆ. ಇದು ಕೊಳೆಯಲ್ಲ ಎಂದು ಅವನಿಗೆ ಬಿಡಿಸಿ ಹೇಳಿ. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ) ಪರೀಕ್ಷೆಗೆ ಮಕ್ಕಳ ವೈದ್ಯರನ್ನು ಕೇಳಿ.