ಸೀಲಿಯಾಕ್ ಕಾಯಿಲೆ ಇರುವ ಮಗು ಬೇರೆ ಮಕ್ಕಳಂತೆ ಖುಷಿಯಾಗಿ ಬೆಳೆಯಬಹುದಾ?

ಖಂಡಿತ ಬೆಳೆಯಬಹುದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಈ ಮಕ್ಕಳ ಸಣ್ಣ ಕರುಳನ್ನು ಹಾಳು ಮಾಡುತ್ತದೆ. ಅದನ್ನು ಪೂರ್ತಿ ಬಿಟ್ಟರೆ ಕರುಳು ನಿಧಾನಕ್ಕೆ ಸುಧಾರಿಸುತ್ತದೆ, ಮಗು ಮೈ ತುಂಬಿಕೊಳ್ಳುತ್ತದೆ. ಮುದ್ದೆ, ಜೋಳದ ರೊಟ್ಟಿ, ಇಡ್ಲಿ ಇರುವ ನಮ್ಮ ಮನೆಗಳಲ್ಲಿ ಊಟ ಅಷ್ಟು ಕಷ್ಟವಲ್ಲ. ಆದರೆ ಗೋಧಿ ಬೀಸುವ ಗಿರಣಿಯಲ್ಲಿ ರಾಗಿ ಹಾಕಿಸಬೇಡಿ. ಹಿಂಗಿನ ಡಬ್ಬಿಯ ಹಿಂದೆ ಏನು ಬರೆದಿದೆ ಓದಿ, ಎಷ್ಟೋ ಸಲ ಅದರಲ್ಲಿ ಮೈದಾ ಇರುತ್ತದೆ.

ನಿಜವಾದ ನೋವು ಬೇರೆ ಕಡೆ ಇದೆ. ತರಗತಿಯಲ್ಲಿ ಹುಟ್ಟುಹಬ್ಬದ ಕೇಕ್ ಹಂಚುವಾಗ ಈ ಮಗು ಸುಮ್ನೆ ಕೈ ಕಟ್ಟಿ ಕೂತಿರುತ್ತದೆ. 'ಒಂದು ಚೂರು ತಿಂದರೆ ಏನಾಗಲ್ಲ' ಅನ್ನುವ ಅಜ್ಜಿಗೂ ಟೀಚರ್‌ಗೂ ಮೊದಲೇ ಬಿಡಿಸಿ ಹೇಳಿ: ಒಂದು ಚೂರೂ ಬೇಡ. ಬ್ಯಾಗಿನಲ್ಲಿ ಯಾವಾಗಲೂ ಒಂದು ಕಡಲೆ ಮಿಠಾಯಿ ಇರಲಿ, ಎಲ್ಲರ ಜೊತೆ ಅದೂ ತಿನ್ನಲಿ.