ದುಬೈಯೋ ಲಂಡನ್ನೋ ಎಂದು ಕೇಳಿದ ತೀರ್ಥಹಳ್ಳಿಯ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಬೇರೆ ಸಂಸ್ಥೆಗಳಿಗೆ ಸಲಹೆ ಕೊಡುವ ನಿನ್ನ ಕನ್ಸಲ್ಟಿಂಗ್ ಕಂಪನಿ ದುಬೈ, ಲಂಡನ್ ಎರಡರಲ್ಲಿ ಒಂದನ್ನು ಆರಿಸಿಕೋ ಅಂದಿದೆ. ದುಬೈಯಲ್ಲಿ ದುಡ್ಡು ಹೆಚ್ಚು ಉಳಿಯುತ್ತದೆ, ಎರಡು ವರ್ಷ ದುಡಿದು ಆಮೇಲೆ ಲಂಡನ್ನಿಗೆ ವರ್ಗ ಮಾಡಿಸಿಕೊಂಡರಾಯಿತು, ಆ ದುಡ್ಡಲ್ಲಿ ಊರಲ್ಲೊಂದು ತೋಟ ಮಾಡಬಹುದಾ ಅಕ್ಕಾ ಅಂತ ಕೇಳಿದ್ದೀಯ. ಊಟ, ಚಳಿಯ ವಿಷಯವನ್ನೂ ಕೇಳಿದ್ದೀಯ. ಊಟಕ್ಕೆ ಎರಡೂ ಕಡೆ ತೊಂದರೆಯಿಲ್ಲ. ಚಳಿಯ ಕೋಟು ಊರಿಂದ ಹೊತ್ತು ತರಬೇಡ, ಲಂಡನ್ನಿನಲ್ಲೇ ಕೊಳ್ಳು. ಅಪ್ಪೆಮಿಡಿ ಮಾತ್ರ ಎಲ್ಲಿಗೆ ಹೋದರೂ ಮನೆಯಿಂದಲೇ ಬರಬೇಕು, ಅದು ನಿನಗೆ ಗೊತ್ತಿದ್ದದ್ದೇ.

ನಾನೂ ಇದೇ ವೃತ್ತಿಯಲ್ಲಿ ಮೊದಲು ದುಬೈಯಲ್ಲಿದ್ದು ಈಗ ಲಂಡನ್ನಿನಲ್ಲಿರುವವಳು. ದುಬೈಗೆ ಹೋದ ಹೊಸದರಲ್ಲಿ ಮೊದಲ ಸಂಬಳದ ಚೀಟಿ ಹಿಡಿದು ತೆರಿಗೆಯ ಸಾಲು ಎಲ್ಲಿದೆ ಅಂತ ಹುಡುಕಿದ್ದೆ. ಇರಲೇ ಇಲ್ಲ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ. ಹೊಸನಗರಕ್ಕೆ ಫೋನ್ ಮಾಡಿ ಹೇಳಿದರೆ ಅಪ್ಪಯ್ಯ ನಂಬದೆ ಮತ್ತೊಮ್ಮೆ ಕೇಳಿದರು. ಇಂಗ್ಲೆಂಡಿನಲ್ಲಿ 50,270 ಪೌಂಡ್ ದಾಟಿದ ಆದಾಯಕ್ಕೆ ಶೇ. 40, 1,25,140 ದಾಟಿದ್ದಕ್ಕೆ ಶೇ. 45 ತೆರಿಗೆ. ಅದಕ್ಕಿಂತ ಕಷ್ಟದ್ದು ಇವೆರಡರ ನಡುವೆ ಇದೆ. 1,00,000 ದಾಟುತ್ತಿದ್ದಂತೆ ತೆರಿಗೆ ವಿನಾಯಿತಿ ಕರಗಲು ಶುರುವಾಗಿ, 1,25,140ರವರೆಗೆ ಪ್ರತಿ ಪೌಂಡಿನಲ್ಲಿ 60 ಪೆನ್ಸ್ ತೆರಿಗೆಗೇ ಹೋಗುತ್ತದೆ. ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ ಬೇರೆ. ಮ್ಯಾನೇಜರ್ ಆಗುವ ಹೊತ್ತಿಗೆ ಹೆಚ್ಚಿನವರು ಅಲ್ಲಿಗೇ ಬಂದು ನಿಲ್ಲುತ್ತಾರೆ.

ಆದರೆ ಮಂಡಿಯ ಬೋರ್ಡಿನಲ್ಲಿ ರಾಶಿ ಅಡಿಕೆಯ ದರ ನೋಡಿದ ಮಾತ್ರಕ್ಕೆ ನಮ್ಮವರು ಲೆಕ್ಕ ಮುಗಿಸುವುದಿಲ್ಲವಲ್ಲ, ಕಮಿಷನ್, ಹಮಾಲಿ ಕಳೆದು ಕೈಗೆಷ್ಟು ಅಂತ ನೋಡುತ್ತಾರೆ. ದುಬೈ ಸಂಬಳವನ್ನೂ ಹಾಗೇ ನೋಡು. ಮನೆ ಬಾಡಿಗೆಗೆ ತಿಂಗಳುಗಟ್ಟಲೆಯದು ಒಟ್ಟಿಗೇ ಮುಂಗಡ ಚೆಕ್ ಕೊಡಬೇಕಾಗುತ್ತದೆ. ಮಕ್ಕಳಾದರೆ ಶಾಲೆಯ ಫೀ ದೊಡ್ಡದು. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು, ಅದೂ ಮೂಲ ವೇತನದ ಲೆಕ್ಕದಲ್ಲಿ. ನಿನ್ನ ಆಫರಿನಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಅಂತ ಬಿಡಿಸಿ ಕೇಳು.

ಕೆಲಸವೂ ಒಂದೇ ಅಲ್ಲ. 2016ರಲ್ಲಿ ಸೌದಿಯವರು ತೈಲದ ಮೇಲಿನ ಅವಲಂಬನೆ ತಗ್ಗಿಸುವ ವಿಷನ್ 2030 ಯೋಜನೆ ಘೋಷಿಸಿದ ಮೇಲೆ ದುಬೈ ಕಚೇರಿಗಳ ಕೆಲಸದಲ್ಲಿ ದೊಡ್ಡ ಪಾಲು ರಿಯಾದ್‌ನ ಸರ್ಕಾರಿ ಇಲಾಖೆಗಳದ್ದು. 2022ರ ಜನವರಿಯಿಂದ ದುಬೈಯ ವಾರದ ರಜೆ ಶನಿವಾರ, ಭಾನುವಾರ. ರಿಯಾದ್‌ನಲ್ಲಿ ಈಗಲೂ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಕ್ಲೈಂಟ್ ಮುಂದೆ ಕೂರಬೇಕೆಂದರೆ ನಿನ್ನ ರಜೆ ಎಲ್ಲಿಗೆ ಹೋಯಿತು ಅಂತ ನೀನೇ ಲೆಕ್ಕ ಹಾಕು. ಲಂಡನ್ನಿನಲ್ಲಿ ಬ್ಯಾಂಕು, ವಿಮೆ, ಪ್ರೈವೇಟ್ ಇಕ್ವಿಟಿಯವರು (ಕಂಪನಿಗಳನ್ನು ಕೊಂಡು ಬೆಳೆಸಿ ಮಾರುವ ಹೂಡಿಕೆದಾರರು) ಕಂಪನಿ ಕೊಳ್ಳುವ ಮುಂಚಿನ ಪರಿಶೀಲನೆ, ಇಂಥದ್ದು ಹೆಚ್ಚು. ಮುಂದೆ ಕನ್ಸಲ್ಟಿಂಗ್ ಬಿಟ್ಟಾಗ ಯಾವ ಬಾಗಿಲು ತೆರೆಯುತ್ತದೆ ಎಂಬುದು ನೀನು ಈಗ ಮಾಡುವ ಇಂಥ ಕೆಲಸದ ಮೇಲೇ ನಿರ್ಧಾರವಾಗುತ್ತದೆ.

ಇನ್ನು ನಿನ್ನ 'ಆಮೇಲೆ ವರ್ಗ' ಎಂಬ ಮಾತು. ಇದನ್ನು ನಿಧಾನವಾಗಿ ಓದು. ನಮ್ಮ ವೃತ್ತಿಯಲ್ಲಿ ಬಡ್ತಿ ಕೊಡುವುದು ಕಂಪನಿಯಲ್ಲ, ಕೋಣೆಯಲ್ಲಿ ಕೂತ ಹತ್ತಾರು ಪಾರ್ಟ್‌ನರ್‌ಗಳು, ಅಂದರೆ ಕಂಪನಿಯ ಪಾಲುದಾರರಾದ ಹಿರಿಯರು. ನಿನ್ನ ಹೆಸರು ಬಂದಾಗ 'ಇವನ ಕೆಲಸ ನಾನು ಕಂಡಿದ್ದೇನೆ' ಅನ್ನುವವರು ಅಲ್ಲಿರಬೇಕು. ಯಜಮಾನರಿಗೆ ಲಂಡನ್ನಿನಲ್ಲಿ ಕೆಲಸ ಸಿಕ್ಕಿತು ಅಂತ ನಾನು ವರ್ಗ ಕೇಳಿದಾಗ ದುಬೈಯಲ್ಲಿ ನನ್ನ ಬಡ್ತಿ ಹತ್ತಿರದಲ್ಲಿತ್ತು. ಹುದ್ದೆ ಹಾಗೇ ಇರುತ್ತದೆ ಅಂತ ಕಾಗದದಲ್ಲಿ ಬರೆದೂ ಕೊಟ್ಟರು. ಇತ್ತು ಕೂಡ. ಆದರೆ ಇಲ್ಲಿಯ ಸಮಿತಿಯಲ್ಲಿ ರಿಯಾದ್‌ನ ನನ್ನ ಕೆಲಸ ನೋಡಿದವರು ಒಬ್ಬರೂ ಇರಲಿಲ್ಲ. 'ಇಲ್ಲೊಂದು ವರ್ಷ ನೋಡೋಣ' ಅಂದರು. ನಾನು ತಿದ್ದಿ ಬೆಳೆಸಿದ ಹುಡುಗರು ಅದೇ ವರ್ಷ ದುಬೈಯಲ್ಲಿ ನನಗಿಂತ ಮೇಲೆ ಹೋದರು. ಏರು, ಇಲ್ಲವೇ ಹೊರಡು ಎನ್ನುವ ವೃತ್ತಿಯಲ್ಲಿ ತಡವಾದ ಒಂದು ವರ್ಷ ಬೆನ್ನ ಹಿಂದೆಯೇ ಬರುತ್ತದೆ. ಮುಂದಿನ ಬಡ್ತಿಯ ಮಾತು ಬಂದಾಗಲೂ ಅದನ್ನು ಕೇಳಿದರು. ಕೊನೆಗೆ ಆ ಬಡ್ತಿಯನ್ನು ಇಲ್ಲಿಯ ಕೆಲಸದ ಮೇಲೆಯೇ ಗಳಿಸಿದೆ, ಅದರ ಹೆಮ್ಮೆ ನನಗಿದೆ. ಆದರೂ ಆ ವರ್ಷ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಂಬಳದ್ದೂ ಇದೇ ಕತೆ. ಕಾಯಂ ವರ್ಗವಾದರೆ ಹೊಸ ಊರಿನ ಸಂಬಳದ ಪಟ್ಟಿಗೆ ಸೇರುತ್ತೀಯ. ಕೆಲವು ತಿಂಗಳ ಡೆಪ್ಯುಟೇಶನ್ ಆದರೆ ಸಾಮಾನ್ಯವಾಗಿ ಹಳೆಯ ಸಂಬಳ ಮತ್ತು ಭತ್ಯೆ ಸಿಗುತ್ತದೆ, ನಿನ್ನ ಪರ ಮಾತಾಡುವ ಪಾರ್ಟ್‌ನರ್‌ಗಳೂ ಹಳೆಯ ಕಚೇರಿಯವರೇ ಆಗಿರುತ್ತಾರೆ. ಕಾಯಂ ವರ್ಗಕ್ಕೆ ಮುಂಚೆ ಡೆಪ್ಯುಟೇಶನ್ ಮೇಲೆ ಬಂದು ಇಲ್ಲಿಯ ಇಬ್ಬರು ಪಾರ್ಟ್‌ನರ್‌ಗಳ ಜೊತೆ ಕೆಲಸ ಮಾಡು.

ಲಂಡನ್ನಿಗೇ ಬಂದರೂ ಎಚ್ಚರ ಬೇಕು. ಕಾಯಂ ವಾಸದ ಹಕ್ಕಿಗೆ ನನಗೆ ಐದು ವರ್ಷ ಸಾಕಾಗಿತ್ತು. ಅದನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು 2025ರಲ್ಲಿ ಸರ್ಕಾರ ಮುಂದಿಟ್ಟಿತು, ಈಗಿನ ನಿಯಮ ಏನೆಂದು ಹೊರಡುವ ಮುಂಚೆ ಸರ್ಕಾರದ ಜಾಲತಾಣ ನೋಡು. ನಾನಿದ್ದ ನಿಯಮದಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ದೇಶದ ಹೊರಗಿರುವಂತಿರಲಿಲ್ಲ, ಆಫೀಸಿನ ಕೆಲಸಕ್ಕೆ ಹೋದ ದಿನಗಳೂ ಅದರಲ್ಲೇ ಸೇರುತ್ತಿದ್ದವು. ಹೊರದೇಶದ ದೀರ್ಘ ಪ್ರಾಜೆಕ್ಟಿಗೆ 'ಹೂಂ' ಅನ್ನುವ ಮುಂಚೆ ದಿನ ಎಣಿಸು.

ತೋಟದ ವಿಷಯ ಕೇಳಿದ್ದೀಯಲ್ಲ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ಸಡಿಲವಾದ ಮೇಲೆ ಯಾರು ಬೇಕಾದರೂ ಜಮೀನು ಕೊಳ್ಳಬಹುದು ಅಂತ ಊರಲ್ಲಿ ಹೇಳುತ್ತಾರೆ. ಅನಿವಾಸಿಗೆ ಹಾಗಿಲ್ಲ. ಫೆಮಾ ಎಂಬ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು, ಹೊರಡುವ ಮುಂಚೆಯೇ ಕೊಂಡದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೇ. ನಮ್ಮ ಅಡಿಕೆ ತೋಟದ ಪಕ್ಕದ ತುಂಡು ಮಾರಾಟಕ್ಕೆ ಬಂದಾಗ ಬ್ಯಾಂಕಿನಲ್ಲಿ ದುಡ್ಡಿತ್ತು, ಕೊಳ್ಳುವ ಹಕ್ಕಿರಲಿಲ್ಲ. ಈಗ ಅಲ್ಲಿ ಬೇರೆಯವರ ಬೇಲಿ ಇದೆ. ನೀನು ತೋಟ ಮಾಡುವುದಾದರೆ ಹೊರಡುವ ಮುಂಚೆ ಮಾಡು, ಇಲ್ಲವೇ ಅಪ್ಪ ಅಮ್ಮನ ಹೆಸರಲ್ಲಿ ಅವರೇ ಮಾಡಲಿ.

ಊರಿಗೆ ಹೋಗಿ ಬರುವುದಕ್ಕೆ ದುಬೈಯೇ ವಾಸಿ. ಮಂಗಳೂರಿಗೆ ನೇರ ವಿಮಾನವಿದೆ, ಇಳಿದು ಆಗುಂಬೆ ಘಾಟಿ ಹತ್ತಿದರೆ ನಿಮ್ಮೂರು ಬಂದೇ ಬಿಡುತ್ತದೆ. ಕೆಲ ವರ್ಷ ದುಡಿದು ವಾಪಸು ಹೋಗುವ ಮನಸ್ಸು ನಿಜವಾಗಿ ಇದ್ದರೆ ದುಬೈಗೆ ಹೋಗು. ಲಂಡನ್ನಿನಲ್ಲಿ ನೆಲೆಸುವುದೇ ಗುರಿಯಾದರೆ ಮೊದಲ ದಿನದಿಂದ ಇಲ್ಲಿಗೇ ಬಾ, ಕೈಗೆ ಕಡಿಮೆ ಬಂದರೂ ಬಾ. ಸಹಿ ಹಾಕುವ ಮುಂಚೆ ಎಚ್.ಆರ್. ಹತ್ತಿರ ಒಂದು ಮಾತು ಬರಹದಲ್ಲಿ ಕೇಳು: ಕಚೇರಿ ಬದಲಿಸಿದರೆ ಬಡ್ತಿಯ ಲೆಕ್ಕಕ್ಕೆ ಹಳೆಯ ಕಚೇರಿಯ ರೇಟಿಂಗ್ ಹಾಗೇ ಬರುತ್ತದೆಯೋ, ಇಲ್ಲವೋ? ಅವರ ಉತ್ತರ ನನಗೆ ಕಳಿಸು.