ಹಬ್ಬದ ವಾರ, ಆರು ನೈಟ್ ಶಿಫ್ಟ್ ಮತ್ತು ಒಂದು ಸೂಟ್‌ಕೇಸ್

(ನಾನು ಆಪ್ತಸಮಾಲೋಚಕಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಆಕೆ ಓದಿ ಒಪ್ಪಿದ್ದಾರೆ.)

ಆಕೆ ಐಸಿಯು ನರ್ಸ್. ವಯಸ್ಸು ಮೂವತ್ತರ ಆಚೀಚೆ. ಏಜೆನ್ಸಿಯೊಂದರ ಮೂಲಕ 13 ವಾರದ ಗುತ್ತಿಗೆಗೆ ಬಂದಿದ್ದರು. ಎರಡು ವರ್ಷದಲ್ಲಿ ಇದು ಅವರ ನಾಲ್ಕನೇ ಊರು, ನಾಲ್ಕನೇ ಆಸ್ಪತ್ರೆ. ಒಂಬತ್ತನೇ ವಾರದಲ್ಲಿ, ಹಬ್ಬಕ್ಕೆ ಇನ್ನು ಹನ್ನೆರಡು ದಿನ ಇದ್ದಾಗ, ವಿಡಿಯೋ ಕಾಲ್‌ನಲ್ಲಿ ನನ್ನ ಮುಂದೆ ಕೂತರು.

"ನಿದ್ದೆ ಬರ್ತಿಲ್ಲ. ಅದಕ್ಕೊಂದು ದಾರಿ ಹೇಳಿ, ಸಾಕು" ಅಂದರು.

ನಿದ್ದೆಯ ತೊಂದರೆ ನಿಜವೇ. ಆದರೆ ನನ್ನ ಕಣ್ಣು ಅವರ ಬೆನ್ನ ಹಿಂದಿದ್ದ ಸೂಟ್‌ಕೇಸ್ ಮೇಲೆ. ಕುರ್ಚಿ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಗೆದ ಬಟ್ಟೆಗಳನ್ನು ಮಡಿಸಿ ಮತ್ತೆ ಅದರೊಳಗೇ ಇಟ್ಟಿದ್ದರು. ಪಕ್ಕದ ಬೀರುವಿನಲ್ಲಿ ಖಾಲಿ ಹ್ಯಾಂಗರ್‌ಗಳು. ಕೇಳಿದ್ದಕ್ಕೆ, "ಇನ್ನು ನಾಲ್ಕು ವಾರ ತಾನೇ, ಯಾಕೆ ಸುಮ್ನೆ ಬಿಚ್ಚೋದು?" ಅಂತ ನಕ್ಕರು. ಬಂದ ದಿನವೂ "ಮೂರೇ ತಿಂಗಳು ತಾನೇ" ಅಂದುಕೊಂಡಿದ್ದರಂತೆ.

ಹಬ್ಬದ ವಾರದ ನೈಟ್ ಶಿಫ್ಟ್‌ಗಳನ್ನು ಅವರೇ ಕೇಳಿ ತಗೊಂಡಿದ್ದರು. ಆರು ರಾತ್ರಿ, ಒಂದೊಂದೂ 12 ಗಂಟೆ. "ಮಕ್ಕಳಿರೋರು ಮನೇಲಿರಲಿ. ನನಗಿಲ್ಲಿ ಯಾರಿದ್ದಾರೆ?" ದೊಡ್ಡ ಮನಸ್ಸು, ಅಲ್ವಾ? ನನಗೂ ಮೊದಲು ಹಾಗೇ ಅನಿಸಿತು. ಇನ್ನೊಂದು ಮಾತು ಹೊರಬರಲು ಮುಕ್ಕಾಲು ಗಂಟೆ ಹಿಡಿಯಿತು. ವಾರ್ಡಿನ ಗೋಡೆಗೆ ಹಬ್ಬದ ಉಡುಗೊರೆ ಹಂಚಿಕೊಳ್ಳುವವರ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಇವರ ಹೆಸರಿರಲಿಲ್ಲ. ಯಾರೂ ಬೇಕಂತ ಬಿಟ್ಟದ್ದಲ್ಲ, ಕಾಯಂ ಸಿಬ್ಬಂದಿಯ ರೋಸ್ಟರ್ ನೋಡಿ ಬರೆದದ್ದು.

"ನಾನು ಸ್ಟೆಪ್ನಿ ಟೈರ್ ಮೇಡಂ. ಪಂಚರ್ ಆದಾಗ ಮಾತ್ರ ನೆನಪಾಗ್ತೀನಿ."

ಬದಲಿಗೆ ಬರುವ ವೈದ್ಯರನ್ನು 'ಲೋಕಮ್' ಅನ್ನುತ್ತಾರೆ. ಲ್ಯಾಟಿನ್‌ನ 'ಲೋಕಮ್ ಟೆನೆನ್ಸ್' ಅನ್ನುವುದರ ಮೊಟಕು ರೂಪ ಅದು. ಅರ್ಥ, ಜಾಗ ಹಿಡಿದು ಕೂತವರು. ಆಕೆಗೆ ಇದನ್ನು ಹೇಳಿದಾಗ, "ಸ್ಟೆಪ್ನಿಗೇ ಕೋಟು ಹಾಕಿಸಿದ್ದಾರೆ" ಅಂದರು. ಈ ಸಲ ಇಬ್ಬರೂ ನಕ್ಕೆವು.

ಖಿನ್ನತೆ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಮಾಡಿಸಿದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. ಇವರದು 11 ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಾವು ಹಗುರವಾಗಿ ತಗೊಳ್ಳುವುದಿಲ್ಲ. ಸಾಯುವ ಯೋಚನೆಯ ಬಗ್ಗೆ ಇರುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಆದರೂ ಬಾಯಿಬಿಟ್ಟು ಕೇಳಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಫಾರಂ ತುಂಬುವುದರಲ್ಲಿ ಬಹಳ ಜಾಣರು. ಇಲ್ಲ ಅಂದರು, ಕಣ್ಣು ತಪ್ಪಿಸಲಿಲ್ಲ. ಹೌದು ಅಂದಿದ್ದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

"ಇಷ್ಟಕ್ಕೆಲ್ಲ ಕುಗ್ಗೋಳಲ್ಲ ನಾನು" ಅನ್ನುವುದೇ ಅವರ ಕೊರಗಾಗಿತ್ತು. ಅಂಕಿ ನಂಬುವ ಜನ ಅಂತ 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮಾಡಿದ ಒತ್ತಡದ ಪಟ್ಟಿ ತೋರಿಸಿದೆ. ಬದುಕಿನ 43 ಘಟನೆಗಳಿಗೆ ಅಂಕ ಕೊಟ್ಟಿದ್ದಾರೆ. ಸಂಗಾತಿಯ ಸಾವಿಗೆ 100. ಮನೆ ಬದಲಾವಣೆಗೆ 20, ಕೆಲಸದ ಹೊತ್ತು ಬದಲಾದರೆ 20, ನಿದ್ದೆಯ ರೂಢಿ ಬದಲಾದರೆ 16, ಮನೆಯವರ ಜೊತೆ ಸೇರುವುದು ಹೆಚ್ಚುಕಮ್ಮಿಯಾದರೆ 15. ಕ್ರಿಸ್‌ಮಸ್‌ಗೂ 12 ಅಂಕ ಇದೆ! ಆಕೆ ಬೆರಳಲ್ಲಿ ಕೂಡಿದರು. 83. ಪಟ್ಟಿ ಹಳೆಯದು, ಅದರಿಂದ ಕಾಯಿಲೆ ಅಳೆಯಲು ಆಗುವುದಿಲ್ಲ. ಆದರೆ "ಏನೂ ಆಗಿಲ್ಲ" ಅನ್ನುವ ಹಠ ಅಲ್ಲಿ ಸ್ವಲ್ಪ ಸಡಿಲವಾಯಿತು.

ನನ್ನ ಮೊದಲ ಸಲಹೆ ತಪ್ಪಿತು. ಮನೆಯವರು ಸೇರಿದಾಗ ವಿಡಿಯೋ ಕಾಲ್ ಮಾಡಿ ಅಂದಿದ್ದೆ. ಮಾಡಿದರು. ಫೋನ್ ಕೈಯಿಂದ ಕೈಗೆ ಹೋಯಿತು, ಎಲ್ಲರೂ "ಹೇಗಿದ್ದೀಯಾ" ಅಂದರು, ಉತ್ತರಕ್ಕೆ ಯಾರೂ ನಿಲ್ಲಲಿಲ್ಲ. ಕೊನೆಗೆ ಯಾರೋ ಮೇಜಿನ ಮೇಲೆ ಮಲಗಿಸಿಟ್ಟರು. ಎರಡು ನಿಮಿಷ ಸೀಲಿಂಗ್ ಫ್ಯಾನ್ ನೋಡುತ್ತಾ ಕೂತಿದ್ದರಂತೆ. ಈಗ ನಾನು ಯಾರಿಗೂ ಗುಂಪಿನ ಕಾಲ್ ಹೇಳುವುದಿಲ್ಲ. ಒಬ್ಬರಿಗೆ ಮಾಡಿ, ಹಬ್ಬದ ಗಲಾಟೆ ಮುಗಿದ ಮೇಲೆ ಮಾಡಿ ಅನ್ನುತ್ತೇನೆ. ಆಕೆ ತಂಗಿಯನ್ನು ಆರಿಸಿಕೊಂಡರು. ಗುತ್ತಿಗೆ ಮುಗಿದ ಮೇಲೆ ಮನೆಯಲ್ಲಿ ಮತ್ತೊಮ್ಮೆ ಹಬ್ಬ ಮಾಡಲು ಆಗಲೇ ತಾರೀಖು ಗೊತ್ತು ಮಾಡಿಸಿದೆ. "ಬಂದಾಗ ನೋಡೋಣ" ಅನ್ನುವುದು ತಾರೀಖಲ್ಲ.

ಆಮೇಲೆ ಒಪ್ಪಂದದ ಕಾಗದ ತೆಗೆಸಿದೆ. ವಾರಕ್ಕೆ 36 ಗಂಟೆ ಅಂತಿತ್ತು. ಇವರು ಒಪ್ಪಿಕೊಂಡದ್ದು 72. ಕೋಣೆಯಲ್ಲಿ ಒಬ್ಬಳೇ ಇರಬೇಕಲ್ಲ ಅನ್ನುವ ಭಯ ಅದರಲ್ಲಿ ಎಷ್ಟು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಎರಡು ರಾತ್ರಿ ವಾಪಸ್ ಕೊಡುವುದು ಅಂತಾಯಿತು. ಮೂರು ಕೊಡಿ ಅಂತ ನನ್ನ ಆಸೆ, ಒತ್ತಾಯ ಮಾಡಲಿಲ್ಲ.

ನಿದ್ದೆಗೆ ಹೇಳಿದ್ದು ಸರಳ. ಶಿಫ್ಟ್ ಇರಲಿ ಬಿಡಲಿ, ಬೆಳಗ್ಗೆ ಒಂಬತ್ತರಿಂದ ಒಂದರವರೆಗಿನ ನಾಲ್ಕು ಗಂಟೆ ನಿದ್ದೆ ಬಿಡಬೇಡಿ, ಉಳಿದದ್ದು ಹಿಂದೆಮುಂದೆ ಆಗಲಿ. ಕೋಣೆ ಕತ್ತಲಿರಲಿ. ಬೆಳಗಿನ ಜಾವ ಮೂರರ ಕಾಫಿ ನಿಲ್ಲಿಸಿ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು.

ವಾರ್ಡಿನ ಬೋರ್ಡ್ ಮೇಲೆ ಇವರ ಹೆಸರಿನ ಜಾಗದಲ್ಲಿ 'ಏಜೆನ್ಸಿ' ಅಂತ ಬರೆಯುತ್ತಿದ್ದರು. ಮಾರ್ಕರ್ ತಗೊಂಡು ನೀವೇ ಹೆಸರು ಬರೆಯಿರಿ ಅಂದೆ. "ಅಷ್ಟಕ್ಕೆಲ್ಲ ಏನಾಗುತ್ತೆ" ಅಂದರು. ಸೂಟ್‌ಕೇಸ್ ಬಿಚ್ಚಿ ಅಂದದ್ದಕ್ಕೂ ಅದೇ ಉತ್ತರ.

ಹನ್ನೊಂದನೇ ವಾರ ಮತ್ತೆ ಮಾತಾಡಿದೆವು. ಪಿಎಚ್‌ಕ್ಯೂ-9 ಅಂಕ 7ಕ್ಕೆ ಇಳಿದಿತ್ತು. ಹಬ್ಬದ ರಾತ್ರಿ ಡ್ಯೂಟಿಯಲ್ಲೇ ಇದ್ದರು, ನಾಲ್ಕು ಗಂಟೆಗೆ ಔಷಧಿ ಕೋಣೆಯಲ್ಲಿ ಐದು ನಿಮಿಷ ಅತ್ತರಂತೆ. ಬೆಳಗ್ಗೆ ತಂಗಿ ಜೊತೆ ನಲವತ್ತು ನಿಮಿಷ ಮಾತು. ಬೋರ್ಡ್ ಮೇಲೆ ಹೆಸರು ಬರೆದ ಮೂರನೇ ದಿನ ಅದನ್ನು ಬೇರೆ ಯಾರೋ ಬರೆದಿದ್ದರು, ಕಾಗುಣಿತ ತಪ್ಪಾಗಿ. ಅವರು ತಿದ್ದಲಿಲ್ಲ.

ಕುರ್ಚಿ ಖಾಲಿ ಇತ್ತು. ಸೂಟ್‌ಕೇಸ್ ಎಲ್ಲಿ ಅಂದೆ. ಮಂಚದ ಕೆಳಗೆ ಅಂದರು. ಮುಂದಿನ ಗುತ್ತಿಗೆಗೆ ಇನ್ನೂ ಸಹಿ ಹಾಕಿಲ್ಲ, ಮೂರು ವಾರ ಬಿಡುವು ಕೇಳಿದ್ದಾರೆ.